ಸೈಕಲ್ಲಿನ ಸವಾರಿಯೂ ಪಾಲನೆಯೂ: ಒಂದು ಬಿನ್ನಹ

ವಿದ್ಯಾಸಂಸ್ಥೆಯೊಂದರ ಸ್ಮರಣ ಸಂಚಿಕೆಯೆಂದರೆ ಶಿಕ್ಷಣದ ಧ್ಯೇಯ, ಗುರುಶಿಷ್ಯರ ಸಂಬಂಧ, ಸಂಸ್ಥೆಯು ನಡೆದು ಬಂದ ದಾರಿ ಮುಂತಾದ ವಿಷಯಗಳಿಗೆ ಅಲ್ಲಿ ಅಗ್ರಸ್ಥಾನವಿರುವುದು ಸಹಜವೇ ಸರಿ. ಅಂತಹ ಲೇಖನಗಳ ನಡುವೆ ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುವ ಬಗೆ, ಟ್ಯೂಬಿಗೆ ತೇಪೆ ಹಾಕುವ ಬಗೆ ಎಂದು ಬರೆಯಹೊರಟವನನ್ನು ಓದುಗರು ವಿಚಿತ್ರವಾಗಿ ನೋಡಿದರೆ ಅದರಲ್ಲಿ ತಪ್ಪಿಲ್ಲ. ಲೇಖನ ಕೇಳಲು ಬಂದ ಸಂಪಾದಕ ಮಂಡಳಿಯ ಮಿತ್ರರೂ ಮೊದಲು ನಕ್ಕರು. ವಿಷಯವನ್ನು ವಿವರಿಸಿದ ಮೇಲೆ 'ಹಾಗಾದರೆ ಬರೆಯಿರಿ, ಆದರೆ ಕೊನೆಗೆ ಶಾಲೆಗೆ ಸಂಬಂಧಪಟ್ಟ ಮಾತು ಬರಬೇಕು' ಎಂದು ಷರತ್ತು ಹಾಕಿ ಹೋದರು. ಆ ಮಾತು ಬರುತ್ತದೆ. ಸ್ವಲ್ಪ ಸುತ್ತಿ ಬರುತ್ತದೆ, ಅಷ್ಟೆ.

ಭಾನುವಾರದ ಮುಂಜಾನೆ ಐದು ಗಂಟೆಗೆ ಹೆಬ್ಬಾಳದ ಮೇಲ್ಸೇತುವೆಯ ಬಳಿ ನಿಂತವರಿಗೆ ಒಂದು ಹೊಸ ನೋಟ ಕಾಣುತ್ತದೆ. ಹಿಂಬದಿಯಲ್ಲಿ ಮಿನುಗುವ ಕೆಂಪು ದೀಪ, ತಲೆಗೆ ಶಿರಸ್ತ್ರಾಣ, ಮೈಗಂಟಿದ ಉಡುಪು ಇವುಗಳನ್ನು ಧರಿಸಿದ ಸ್ತ್ರೀಪುರುಷರು ತಂಡತಂಡವಾಗಿ ಉತ್ತರದ ಕಡೆಗೆ ಸೈಕಲ್ ತುಳಿಯುತ್ತಾರೆ. ಕೆಲವರು ಯಲಹಂಕ, ಚಿಕ್ಕಜಾಲ, ದೇವನಹಳ್ಳಿಗಳನ್ನು ದಾಟಿ ನಂದಿ ಬೆಟ್ಟಕ್ಕೆ. ಕೆಲವರು ರಾಜಾನುಕುಂಟೆಯ ಮೇಲೆ ದೊಡ್ಡಬಳ್ಳಾಪುರಕ್ಕೆ. ಅಷ್ಟು ದೂರ ಒಲ್ಲದವರು ಹೆಸರಘಟ್ಟದ ಕೆರೆಯವರೆಗೆ. ಇವರಲ್ಲಿ ಇಂಜಿನಿಯರುಗಳಿದ್ದಾರೆ, ವೈದ್ಯರಿದ್ದಾರೆ, ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ನಾವು ಹುಡುಗರಾಗಿದ್ದಾಗ ಇದೇ ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದವರು ಹಾಲಿನ ಕ್ಯಾನು ಕಟ್ಟಿಕೊಂಡವರು, ಸೊಪ್ಪಿನ ಮೂಟೆ ಹೇರಿಕೊಂಡವರು, ಕೃಷಿ ವಿಶ್ವವಿದ್ಯಾಲಯದ ತೋಟಗಳಿಗೆ ಕೆಲಸಕ್ಕೆ ಹೊರಟವರು. ಅಂದು ಸೈಕಲ್ಲು ಅವಶ್ಯಕತೆಯಾಗಿತ್ತು, ಇಂದು ಹವ್ಯಾಸವಾಗಿದೆ. ಇದನ್ನು ಶ್ರೀಮಂತರ ಶೋಕಿಯೆಂದು ಹಳಿಯುವವರ ಗುಂಪಿಗೆ ನಾನು ಸೇರಿದವನಲ್ಲ. ಮೈಯನ್ನು ದುಡಿಸಬೇಕೆಂಬ ಬಯಕೆ ಯಾವ ರೂಪದಲ್ಲಿ ಬಂದರೂ ಸ್ವಾಗತಾರ್ಹವೇ. ನನ್ನ ಆಕ್ಷೇಪವಿರುವುದು ಬೇರೊಂದು ಕಡೆ. ಸವಾರಿ ಬಂದಿದೆ, ಸವಾರಿಯ ಜೊತೆಯಲ್ಲಿ ಬರಬೇಕಾದ ವಿದ್ಯೆ ಬಂದಿಲ್ಲ. ಲಕ್ಷ ರೂಪಾಯಿಯ ಸೈಕಲ್ಲಿನ ಒಡೆಯನು ಚಿಕ್ಕಜಾಲದ ಬಳಿ ಪಂಕ್ಚರಾದ ಗಾಲಿಯನ್ನು ಹಿಡಿದು, ಮನೆಗೆ ಫೋನ್ ಮಾಡಿ ಕಾರನ್ನು ಕಾಯುತ್ತ ಕುಳಿತಿರುವುದನ್ನು ನಾನು ಒಂದಲ್ಲ, ಹತ್ತು ಸಲ ಕಂಡಿದ್ದೇನೆ.

ಹಿಂದಿನವರಿಗೆ ಈ ವಿದ್ಯೆ ಯಾರೂ ಪಾಠ ಹೇಳಿ ಬಂದದ್ದಲ್ಲ, ಬಡತನವೇ ಕಲಿಸಿತು. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ತಂದ ದೊಡ್ಡ ಸೈಕಲ್ಲಿನ ತ್ರಿಕೋನದೊಳಗೆ ಒಂದು ಕಾಲು ತೂರಿಸಿ ತುಳಿಯಲು ಕಲಿತ ಪೀಳಿಗೆ ನಮ್ಮದು. ಗಾಳಿ ಇಳಿದರೆ ಬಾಡಿಗೆ ಅಂಗಡಿಯವನು ಬೈಯುತ್ತಿದ್ದ; ಬೈಗುಳಕ್ಕೆ ಹೆದರಿ ವಾಲ್ ಟ್ಯೂಬಿನ ಆ ಸಣ್ಣ ರಬ್ಬರನ್ನು ನಾವೇ ಬದಲಿಸುವುದನ್ನು ಕಲಿತೆವು. ಪುರಸಭೆಯ ಲೈಸೆನ್ಸ್ ಬಿಲ್ಲೆ ಇಲ್ಲದಿದ್ದರೆ ದಂಡ, ಸಂಜೆ ದೀಪವಿಲ್ಲದಿದ್ದರೆ ಪೊಲೀಸರ ಕಾಟ. ಹೀಗಾಗಿ ಡೈನಮೋ ಉರಿಯುತ್ತಿದೆಯೇ, ಬೆಲ್ಲು ಸದ್ದು ಮಾಡುತ್ತಿದೆಯೇ ಎಂದು ನೋಡಿಯೇ ಮನೆಯಿಂದ ಹೊರಡುವ ರೂಢಿ ತಾನಾಗಿ ಬಂದಿತು. ಬೀದಿಗೊಂದರಂತೆ ಸೈಕಲ್ ರಿಪೇರಿಯವರಿದ್ದ ಕಾಲ ಅದು. ಯಶವಂತಪುರದಲ್ಲಿ, ಆರ್.ಟಿ. ನಗರದಲ್ಲಿ ನಾನು ಬಲ್ಲ ಅಂತಹ ಅಂಗಡಿಗಳು ಈಗ ಸ್ಕೂಟರಿನ ಪಂಕ್ಚರ್ ಅಂಗಡಿಗಳಾಗಿವೆ. ಹೊಸ ಬಗೆಯ ಸೈಕಲ್ಲಿನ ತೆಳ್ಳನೆಯ ಗಾಲಿಯನ್ನು ಕೊಟ್ಟರೆ ಅವರೂ ಹಿಂದೆ ಮುಂದೆ ನೋಡುತ್ತಾರೆ.

ಈ ಮಾತನ್ನು ಹೇಳುವ ಅಧಿಕಾರ ನನಗೆ ಬಂದದ್ದು ಪಾಂಡಿತ್ಯದಿಂದಲ್ಲ, ಪೆಟ್ಟಿನಿಂದ. ವಿಜ್ಞಾನದ ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದಾಗ ಮಗನು ಗೇರುಗಳುಳ್ಳ ಸೈಕಲ್ಲೊಂದನ್ನು ಕೊಡಿಸಿದನು. ನಂದಿಗೆ ಮೂರು ಸಲ ಹೋಗಿ ಬಂದೆ; ನಾಲ್ಕನೆಯ ಸಲ, ಬೆಟ್ಟದಿಂದ ಇಳಿಯುವಾಗ, ಬುಡಕ್ಕೆ ಇನ್ನೆರಡು ತಿರುವುಗಳಿವೆಯೆನ್ನುವಲ್ಲಿ ಮುಂದಿನ ಟ್ಯೂಬು ಗುಂಡು ಹಾರಿದಂತೆ ಸಿಡಿಯಿತು. ಬಿದ್ದೆ. ಭುಜದ ಮೂಳೆ ಮುರಿದು ಆರು ವಾರ ಕೈಯನ್ನು ಕೊರಳಿಗೆ ಕಟ್ಟಿಕೊಂಡು ಕೂರಬೇಕಾಯಿತು. ಕಾರಣ ಇಷ್ಟೆ: ಬ್ರೇಕಿನ ರಬ್ಬರು ತಿರುಪು ಸಡಿಲವಾಗಿ ಮೇಲಕ್ಕೆ ಸರಿದು, ರಿಮ್ಮನ್ನು ಹಿಡಿಯುವ ಬದಲು ಟಯರಿನ ಪಕ್ಕೆಯನ್ನು ಉಜ್ಜುತ್ತಿತ್ತು. ಪಕ್ಕೆ ಸವೆದು ಒಳಗಿನ ನೂಲು ಕಾಣತೊಡಗಿತ್ತು. ಎರಡು ವಾರಗಳಿಂದ ಬ್ರೇಕ್ ಹಿಡಿದಾಗಲೆಲ್ಲ ಸುಟ್ಟ ರಬ್ಬರಿನ ವಾಸನೆ ಬರುತ್ತಿದ್ದುದು ನನಗೆ ತಿಳಿದೇ ಇತ್ತು, ಬಗ್ಗಿ ನೋಡಲಿಲ್ಲ. ಘರ್ಷಣೆಯ ನಿಯಮವನ್ನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವನ ಸ್ಥಿತಿ ಇದು.

ಹಿಂದೆ ಬರುತ್ತಿದ್ದ ತರುಣರು ಬುಡದ ಚಹಾ ಅಂಗಡಿಯವರೆಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದರು. ಅಲ್ಲಿಗೆ ಹನ್ನೆರಡು ಹದಿಮೂರು ವರ್ಷದ ಹುಡುಗನೊಬ್ಬ ಸೈಕಲ್ಲಿನಲ್ಲಿ ಬಂದು, ಬಲಗಾಲಿನ ಚಪ್ಪಲಿಯನ್ನು ಮುಂದಿನ ಟಯರಿಗೆ ಒತ್ತಿ ನಿಲ್ಲಿಸಿದನು. 'ಪೆಟ್ಟಾಯ್ತಾ ತಾತ?' ಎಂದು ಕೇಳಿದ. ನೋವಿನ ನಡುವೆಯೂ ನನ್ನ ಕಣ್ಣು ಅವನ ಸೈಕಲ್ಲಿನ ಮೇಲೆ ಹೋಯಿತು. ಅಕ್ಕನ ಸೈಕಲ್ಲಂತೆ. ಬ್ರೇಕಿನ ಕಡ್ಡಿಗಳಿದ್ದವು, ರಬ್ಬರುಗಳಿರಲಿಲ್ಲ. 'ಬ್ರೇಕ್ ಎಲ್ಲೋ ಮಗು?' ಎಂದೆ. 'ಚಪ್ಪಲಿ ಐತಲ್ಲ ತಾತ' ಎಂದು ನಕ್ಕನು. ಒಂದೇ ರಸ್ತೆಯಲ್ಲಿ, ಒಂದೇ ಬೆಳಗ್ಗೆ, ಬ್ರೇಕಿಲ್ಲದ ಇಬ್ಬರು ಸವಾರರು! ಹೊಸ ರಬ್ಬರು ಕೊಳ್ಳುವ ಹಣ ನನ್ನಲ್ಲಿತ್ತು, ಗಮನವಿರಲಿಲ್ಲ. ಅವನಿಗೆ ಬ್ರೇಕಿಲ್ಲವೆಂಬುದು ಚೆನ್ನಾಗಿ ತಿಳಿದಿತ್ತು. ಅದನ್ನು ಸರಿಪಡಿಸಿಕೊಳ್ಳುವ ಬಗೆಯನ್ನು ಹೇಳಿಕೊಟ್ಟವರಿರಲಿಲ್ಲ.

ಕೈ ಕಟ್ಟಿಕೊಂಡು ಕುಳಿತ ಆರು ವಾರಗಳಲ್ಲಿ ಓದಿದ್ದು, ಆಮೇಲೆ ಮಾಡಿ ತಿಳಿದದ್ದು ಇವುಗಳಲ್ಲಿ ಕೆಲವನ್ನು ಇಲ್ಲಿ ಹೇಳುತ್ತೇನೆ. ನುರಿತವರು ಮನ್ನಿಸಬೇಕು.

ಹೊರಡುವ ಮುನ್ನ ಐದು ನಿಮಿಷ ಸೈಕಲ್ಲಿಗೆ ಕೊಡಬೇಕು. ಮೊದಲು ಗಾಳಿ. ತೆಳುವಾದ ಟಯರುಗಳಲ್ಲಿ ರಂಧ್ರವಿಲ್ಲದಿದ್ದರೂ ಗಾಳಿ ದಿನದಿನಕ್ಕೆ ಇಳಿಯುತ್ತದೆ. ಎಪ್ಪತ್ತು ಕಿಲೋ ತೂಕದ ಸವಾರನಿಗೆ 28 ಮಿಲಿಮೀಟರ್ ಅಗಲದ ಟಯರಿನಲ್ಲಿ ಚದರ ಅಂಗುಲಕ್ಕೆ 70ರಿಂದ 80 ಪೌಂಡಿನಷ್ಟು ಒತ್ತಡವಿದ್ದರೆ ನಮ್ಮ ರಸ್ತೆಗಳಿಗೆ ಸಾಕು. ಟಯರು ಅಗಲವಾದಷ್ಟೂ ಇದು ಕಡಿಮೆಯಾಗಬೇಕು. ಟಯರಿನ ಪಕ್ಕೆಯಲ್ಲಿ ಅಚ್ಚೊತ್ತಿರುವ ಗರಿಷ್ಠ ಮಿತಿಯನ್ನು ಎಂದಿಗೂ ಮೀರಕೂಡದು. ಕಲ್ಲಿನಂತೆ ಗಟ್ಟಿಯಾದಷ್ಟೂ ವೇಗ ಹೆಚ್ಚೆಂದು ತಿಳಿದವರುಂಟು. ಒರಟು ರಸ್ತೆಯಲ್ಲಿ ಅತಿ ಗಟ್ಟಿ ಗಾಲಿ ಪುಟಿಯುತ್ತದೆಯೇ ಹೊರತು ಓಡುವುದಿಲ್ಲ. ತೀರ ಕಡಿಮೆ ಗಾಳಿಯೂ ಕೇಡೇ; ಹಂಪಿಗೆ ಅಥವಾ ಗುಂಡಿಯ ಅಂಚಿಗೆ ಬಡಿದಾಗ ಟ್ಯೂಬು ರಿಮ್ಮಿಗೂ ನೆಲಕ್ಕೂ ನಡುವೆ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ. ಅನಂತರ ಗಾಲಿಯನ್ನೆತ್ತಿ ಒಮ್ಮೆ ತಿರುಗಿಸಿ, ಬ್ರೇಕಿನ ರಬ್ಬರು ರಿಮ್ಮಿನ ಮೇಲೆಯೇ ಕೂರುತ್ತದೆಯೇ, ಟಯರನ್ನು ಮುಟ್ಟುತ್ತದೆಯೇ ನೋಡಬೇಕು. ನನ್ನ ಭುಜದ ನೆನಪಿನಲ್ಲಿ ಇದನ್ನು ಎರಡು ಸಲ ನೋಡಿರೆಂದು ಬೇಡುತ್ತೇನೆ. ರಬ್ಬರಿನ ಮೇಲಿನ ಗೀರುಗಳು ಸವೆದು ಮಾಯವಾಗಿದ್ದರೆ ಅದರ ಆಯುಸ್ಸು ಮುಗಿಯಿತು. ಕೊನೆಗೆ, ಮುಂದಿನ ಗಾಲಿಯನ್ನು ಎರಡು ಕಾಲುಗಳ ನಡುವೆ ಹಿಡಿದು ಹ್ಯಾಂಡಲನ್ನು ತಿರುಚಲು ಯತ್ನಿಸಿ, ಅಲುಗಿದರೆ ಹೊರಡಬೇಡಿ.

ಯಲಹಂಕದಲ್ಲಿ 1984ರಿಂದ ರೈಲಿನ ಗಾಲಿಗಳನ್ನು ಎರಕ ಹೊಯ್ಯುವ ಕಾರ್ಖಾನೆಯಿದೆ. ಅಲ್ಲಿಂದ ಹೊರಡುವ ಗಾಲಿ ಪರೀಕ್ಷೆಯಾಗದೆ ಹೊರಡುವುದಿಲ್ಲ. ಅದೇ ಊರಿನ ರಸ್ತೆಯಲ್ಲಿ ನಾವು ನೋಡದೆಯೇ ಗಾಲಿ ಹತ್ತುತ್ತೇವೆ.

ಚೈನಿನ ವಿಷಯದಲ್ಲಿ ಎರಡು ಬಗೆಯ ಅಪಚಾರ ನಡೆಯುತ್ತದೆ. ಕೆಲವರು ಎಣ್ಣೆಯನ್ನೇ ಬಿಡುವುದಿಲ್ಲ. ಕೆಲವರು ದೇವರಿಗೆ ಅಭಿಷೇಕ ಮಾಡಿದಂತೆ ಸುರಿಯುತ್ತಾರೆ. ಎರಡನೆಯದು ಹೆಚ್ಚು ಕೆಟ್ಟದ್ದು. ಹೊರಮೈಯಲ್ಲಿ ಉಳಿದ ಜಿಡ್ಡಿಗೆ ದೊಡ್ಡಬಳ್ಳಾಪುರ ರಸ್ತೆಯ ಕೆಂಧೂಳು ಅಂಟಿ ಮರಳುಕಾಗದದಂತಾಗಿ ಹಲ್ಲುಗಳನ್ನು ತಿನ್ನುತ್ತದೆ. ಮನೆಯ ಕೊಬ್ಬರಿ ಎಣ್ಣೆಯೂ ಬೇಡ. ಮೊದಲು ಹಳೆಯ ಬಟ್ಟೆಯಿಂದ ಚೈನನ್ನು ಹಿಡಿದು, ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಕೊಳೆ ಬರುವುದು ನಿಲ್ಲುವವರೆಗೆ ಒರೆಸಿ. ಬಳಿಕ ಚೈನಿಗೆಂದೇ ಮಾಡಿದ ಎಣ್ಣೆಯನ್ನು ಪ್ರತಿ ಕೀಲಿಗೆ ಒಂದು ತೊಟ್ಟಿನಂತೆ ಒಳಬದಿಯಿಂದ ಬಿಟ್ಟು, ಕೆಲವು ನಿಮಿಷ ಬಿಟ್ಟು ಹೊರಮೈಯನ್ನು ಪುನಃ ಒರೆಸಿಬಿಡಿ. ಎಣ್ಣೆಗೆ ಕೆಲಸವಿರುವುದು ಕೀಲಿನ ಒಳಗೆ, ಹೊರಗಲ್ಲ. ಮಳೆಯಲ್ಲಿ ನೆನೆದು ಬಂದ ದಿನ ನಾಳೆಗೆಂದು ಬಿಡದೆ ಅಂದೇ ಮಾಡಬೇಕು. ಚೈನು ಸವೆದಿದೆಯೇ ಎಂದು ತಿಳಿಯಲು ದುಬಾರಿ ಉಪಕರಣ ಬೇಕಿಲ್ಲ. ಮಕ್ಕಳ ಜ್ಯಾಮಿತಿ ಪೆಟ್ಟಿಗೆಗಿಂತ ದೊಡ್ಡದಾದ ಒಂದು ಅಡಿಕೋಲು ಸಾಕು. ಒಂದು ಕೀಲಿನಿಂದ ಮುಂದಿನ ಕೀಲಿಗೆ ಸರಿಯಾಗಿ ಅರ್ಧ ಅಂಗುಲ. ಹೀಗೆ 24 ಕೊಂಡಿಗಳು 12 ಅಂಗುಲ ಬರಬೇಕು. ಅಳತೆ ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ಹೆಚ್ಚಾಗಿದ್ದರೆ ಚೈನನ್ನು ಬದಲಿಸಿ. ಎಂಟನೆಯ ಒಂದು ಭಾಗದವರೆಗೆ ತಡಮಾಡಿದರೆ ಹಲ್ಲುಚಕ್ರಗಳನ್ನೂ ಬದಲಿಸುವ ಖರ್ಚು ಬರುತ್ತದೆ.

ಇನ್ನು ಪಂಕ್ಚರು. 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಡನ್‌ಲಪ್ ಎಂಬ ಪಶುವೈದ್ಯನು ತನ್ನ ಮಗನ ಮೂರು ಗಾಲಿಯ ಸೈಕಲ್ಲಿಗಾಗಿ ಗಾಳಿ ತುಂಬಿದ ಟಯರನ್ನು ಮಾಡಿದನು. ಸವಾರಿ ಮೃದುವಾಯಿತು, ಆದರೆ ಅಂಟಿಸಿದ ಟಯರು ತೂತಾದರೆ ಬಿಚ್ಚುವುದೇ ದೊಡ್ಡ ಕೆಲಸವಾಯಿತು. ಫ್ರಾನ್ಸಿನ ಮಿಷೆಲಿನ್ ಸೋದರರು ಬಿಚ್ಚಿ ಹಾಕಬಹುದಾದ ಟಯರನ್ನು ತಯಾರಿಸಿದರು. 1891ರ ಪ್ಯಾರಿಸ್‌-ಬ್ರೆಸ್ಟ್‌-ಪ್ಯಾರಿಸ್ ಎಂಬ ಸುಮಾರು 1,200 ಕಿಲೋಮೀಟರಿನ ಓಟದಲ್ಲಿ ಗೆದ್ದ ಚಾರ್ಲ್ಸ್ ಟೆರೋಂ ತುಳಿದದ್ದು ಆ ಟಯರುಗಳ ಮೇಲೆ. ಸವಾರನೇ ದಾರಿಯ ಬದಿಯಲ್ಲಿ ಕುಳಿತು ಸರಿಪಡಿಸಿಕೊಳ್ಳಲಿ ಎಂಬುದಕ್ಕಾಗಿಯೇ ಹುಟ್ಟಿದ ಟಯರು ನಮ್ಮ ಕೈಯಲ್ಲಿದ್ದೂ ನಾವು ಕಾರಿಗೆ ಫೋನ್ ಮಾಡುತ್ತೇವೆ! ಎರಡು ಟಯರ್ ಲಿವರು, ಒಂದು ಹೆಚ್ಚಿನ ಟ್ಯೂಬು, ತೇಪೆಯ ಡಬ್ಬಿ, ಕೈಪಂಪು, ಅಲೆನ್ ಕೀಗಳ ಒಂದು ಗೊಂಚಲು ಇವೆಲ್ಲ ಸೀಟಿನ ಕೆಳಗಿನ ಚೀಲದಲ್ಲಿಯೂ ಅಂಗಿಯ ಜೇಬಿನಲ್ಲಿಯೂ ಹಿಡಿಸುತ್ತವೆ. ಟ್ಯೂಬನ್ನು ಹೊರತೆಗೆದ ಕೂಡಲೆ ಹೊಸದನ್ನು ತುರುಕುವುದು ಹೊಸಬರ ತಪ್ಪು. ನಮ್ಮ ಭಾಗದಲ್ಲಿ ಹತ್ತಕ್ಕೆ ಐದು ಪಂಕ್ಚರು ಜಾಲಿಯ ಮುಳ್ಳಿನದು. ಮುಳ್ಳಿನ ತುದಿ ಟಯರಿನಲ್ಲಿಯೇ ಮುರಿದು ಕುಳಿತು ಹೊಸ ಟ್ಯೂಬನ್ನೂ ಚುಚ್ಚುತ್ತದೆ. ಟಯರಿನ ಒಳಮೈಯನ್ನು ಬಟ್ಟೆಯಿಂದ ಸವರಿದರೆ ಅದು ಸಿಕ್ಕುತ್ತದೆ. ತೇಪೆ ಹಾಕುವಾಗ ಮರಳುಕಾಗದದಿಂದ ಉಜ್ಜಿ, ಸಲ್ಯೂಷನ್ ಹಚ್ಚಿ, ಅದು ಮುಟ್ಟಿದರೆ ಅಂಟದಷ್ಟು ಒಣಗುವವರೆಗೆ ಕಾಯಬೇಕು. ಅವಸರದಲ್ಲಿ ಹಸಿಯಾಗಿರುವಾಗಲೇ ಒತ್ತಿದ ತೇಪೆ ಮೂರು ಮೈಲಿ ಬಾಳುವುದಿಲ್ಲ.

ಸವಾರಿಯ ಬಗ್ಗೆಯೂ ಎರಡು ಮಾತು. ಸೀಟಿನ ಎತ್ತರವನ್ನು ಯಾರದೋ ಸಲಹೆಯಂತೆ ಇಡದೆ, ಪೆಡಲು ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗುವಂತೆ ಇಟ್ಟುಕೊಳ್ಳಿ. ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ಬೇಕಾದಷ್ಟೇ ಬಾಗುತ್ತದೆ. ಗೇರಿನ ಲೆಕ್ಕ ವಿಜ್ಞಾನದವನಿಗೆ ಪ್ರಿಯವಾದದ್ದು. ನಮ್ಮ ಹಳೆಯ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದೆ 18. ಪೆಡಲಿನ ಒಂದು ಸುತ್ತಿಗೆ ಸೈಕಲ್ಲು ಸುಮಾರು ಐದೂವರೆ ಮೀಟರು ಮುಂದೆ ಹೋಗುತ್ತಿತ್ತು. ಏರಿನಲ್ಲಿ ಇಳಿದು ತಳ್ಳುವುದೇ ಗತಿ. ಈಗ ಮುಂದೆ 34, ಹಿಂದೆ 28 ಹಲ್ಲುಗಳಿಗೆ ಹಾಕಿಕೊಂಡರೆ ಒಂದು ಸುತ್ತಿಗೆ ಎರಡೂವರೆ ಮೀಟರು ಮಾತ್ರ; ಶ್ರಮವೂ ಅರ್ಧಕ್ಕಿಳಿಯುತ್ತದೆ. ನಂದಿಯು ಸಮುದ್ರಮಟ್ಟದಿಂದ 1,478 ಮೀಟರು ಎತ್ತರ. ಬುಡದಿಂದ ಏಳೆಂಟು ಕಿಲೋಮೀಟರು ತಿರುವುಗಳ ಏರು. ಭಾರವಾದ ಗೇರಿನಲ್ಲಿ ಪೌರುಷ ತೋರಿಸುವವರು ಅರ್ಧ ದಾರಿಯಲ್ಲಿ ಮಂಡಿ ಹಿಡಿದು ನಿಲ್ಲುತ್ತಾರೆ. ಹಗುರವಾದ ಗೇರಿನಲ್ಲಿ, ಪಕ್ಕದವರೊಡನೆ ಒಂದು ವಾಕ್ಯ ಮಾತಾಡಲು ಉಸಿರು ಉಳಿಯುವಂತೆ ತುಳಿದವರು ಮೇಲೆ ತಲುಪುತ್ತಾರೆ. ಇಳಿಯುವಾಗ ತಿರುವಿಗೆ ಮೊದಲೇ ವೇಗ ತಗ್ಗಿಸಬೇಕು. ತಿರುವಿನ ನಡುವೆ ಬ್ರೇಕ್ ಹಿಡಿದರೆ ಗಾಲಿ ಜಾರುತ್ತದೆ. ದಾರಿಯುದ್ದಕ್ಕೂ ಬ್ರೇಕನ್ನು ಒತ್ತಿಕೊಂಡೇ ಬರದೆ, ಹಿಡಿದು ಬಿಟ್ಟು ಬರಬೇಕು. ಇಲ್ಲದಿದ್ದರೆ ರಿಮ್ಮು ಕಾಯುತ್ತದೆ. ನೀರನ್ನು ಬಾಯಾರುವ ಮೊದಲೇ ಕುಡಿಯಿರಿ, ಜೇಬಿನಲ್ಲಿ ಬಾಳೆಹಣ್ಣೋ ಕಡಲೆ ಮಿಠಾಯಿಯೋ ಇರಲಿ. ಇದಕ್ಕೆ ಮೇಲ್ಪಟ್ಟ ಆಹಾರಶಾಸ್ತ್ರ ನನಗೆ ಬೇಕಾಗಿಲ್ಲ.

ಅಪಾಯ ಬೆಟ್ಟಕ್ಕಿಂತ ಬಳ್ಳಾರಿ ರಸ್ತೆಯಲ್ಲಿ ಹೆಚ್ಚು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ಆರಂಭವಾದ ಮೇಲೆ ಈ ರಸ್ತೆಗೆ ರಾತ್ರಿಯೆಂಬುದೇ ಇಲ್ಲ. ವಿಮಾನ ಹಿಡಿಯುವ ಅವಸರದ ಕಾರುಗಳಿಗೆ ಮುಂಜಾನೆ ಐದೂ ಒಂದೇ, ಸಂಜೆ ಐದೂ ಒಂದೇ. ಸರ್ವಿಸ್ ರಸ್ತೆ ಇರುವಲ್ಲಿ ಅದನ್ನೇ ಹಿಡಿಯುವುದು ವಿವೇಕ. ಮೇಲ್ಸೇತುವೆಯ ಕವಲುಗಳು ಎಡದಿಂದ ಬಂದು ಸೇರುವಲ್ಲಿ, ನೇರ ಹೋಗುವ ಸೈಕಲ್ ಸವಾರನು ಎರಡು ಪ್ರವಾಹಗಳ ನಡುವೆ ಸಿಕ್ಕುತ್ತಾನೆ. ಅಲ್ಲಿ ನಿಂತು, ಹಿಂದಿರುಗಿ ನೋಡಿ, ದಾರಿ ಬಿಡುವಾದಾಗ ದಾಟುವುದರಲ್ಲಿ ಅವಮಾನವೇನೂ ಇಲ್ಲ. ರಸ್ತೆಯ ಅಂಚಿಗೇ ಅಂಟಿಕೊಳ್ಳುವುದು ಕ್ಷೇಮವೆಂದು ಹೆಚ್ಚಿನವರು ಭಾವಿಸುತ್ತಾರೆ. ಗಾಜಿನ ಚೂರು, ಜಲ್ಲಿ, ಮೋರಿಯ ಕಂಬಿ ಎಲ್ಲವೂ ಅಲ್ಲಿಯೇ ಇರುತ್ತವೆ. ಅಂಚಿನಿಂದ ಎರಡು ಮೂರು ಅಡಿ ಒಳಗೆ, ಅತ್ತಿತ್ತ ತೊನೆಯದೆ ಹೋಗುವವನು ಹಿಂದಿನ ವಾಹನದವನಿಗೂ ಸ್ಪಷ್ಟವಾಗಿ ಕಾಣುತ್ತಾನೆ.

ಮೇಲೆ ಹೇಳಿದ ಪ್ಯಾರಿಸ್ ಓಟದ ಪರಂಪರೆಯಿಂದ ಬಂದ 'ಬ್ರೆವೆ' ಎಂಬ ದೂರದ ಸವಾರಿಗಳು ಬೆಂಗಳೂರಿನಲ್ಲಿಯೂ ನಡೆಯುತ್ತವೆ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯಲ್ಲಿ ಮುಗಿಸಬೇಕು. ಗೆದ್ದವರು ಸೋತವರೆಂಬ ಭೇದವಿಲ್ಲ. ನನಗೆ ಮೆಚ್ಚುಗೆಯಾದದ್ದು ಅದರ ಒಂದು ನಿಯಮ: ಗೊತ್ತಾದ ತಪಾಸಣಾ ಸ್ಥಳಗಳನ್ನು ಬಿಟ್ಟು ನಡುದಾರಿಯಲ್ಲಿ ಹಿಂಬಾಲಿಸಿ ಬರುವ ವಾಹನದ ನೆರವು ಪಡೆಯುವಂತಿಲ್ಲ. ಗಾಲಿ ಕೆಟ್ಟರೆ ತುಳಿಯುವವನೇ ನೋಡಿಕೊಳ್ಳಬೇಕು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ರೈತಾಪಿ ಮನೆಗಳ ಮಕ್ಕಳು ಸೈಕ್ಲಿಂಗಿನಲ್ಲಿ ರಾಷ್ಟ್ರಮಟ್ಟದ ಪದಕಗಳನ್ನು ತಂದಿರುವುದನ್ನು ಪತ್ರಿಕೆಗಳಲ್ಲಿ ಓದಿದಾಗಲೆಲ್ಲ ನಮ್ಮ ಕಡೆಯ ಮಕ್ಕಳಿಗೆ ಏನು ಕೊರತೆ ಎಂದು ಯೋಚಿಸಿದ್ದೇನೆ.

ಈಗ ಸಂಪಾದಕರ ಷರತ್ತಿಗೆ ಬರುತ್ತೇನೆ. ರಾಜ್ಯ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿತು. ಕೋವಿಡ್ ವರ್ಷಗಳಲ್ಲಿ ವಿತರಣೆ ನಿಂತಿತು. ಶಾಲೆ ದೂರವಿರುವ ಹೆಣ್ಣುಮಕ್ಕಳಿಗೆ ಅದರಿಂದಾದ ಉಪಕಾರವನ್ನು ಅಧ್ಯಾಪಕನಾಗಿ ನಾನು ಕಣ್ಣಾರೆ ಕಂಡಿದ್ದೇನೆ. ಇಂದು ನಮ್ಮ ದಾನಿಗಳಲ್ಲಿ ಕೆಲವರು ಆ ಪುಣ್ಯಕಾರ್ಯವನ್ನು ತಾವು ಮುಂದುವರಿಸಲು ಉತ್ಸುಕರಾಗಿದ್ದಾರೆಂದು ಕೇಳಿದ್ದೇನೆ. ಅವರಲ್ಲಿ ನನ್ನ ವಿನಮ್ರ ಭಿನ್ನಾಭಿಪ್ರಾಯವಿದು: ನೂರು ಹೊಸ ಸೈಕಲ್ಲು ಕೊಡುವ ಬದಲು ಎಂಬತ್ತನ್ನು ಕೊಡಿ, ಉಳಿದ ಹಣದಲ್ಲಿ ಶಾಲೆಯ ಸೈಕಲ್ ನಿಲ್ದಾಣದ ಮೂಲೆಯಲ್ಲಿ ಒಂದು ದುರಸ್ತಿಯ ಕೊಠಡಿ ಮಾಡಿಸಿ. ಕೊಟ್ಟ ದಿನದ ಫೋಟೋದಲ್ಲಿ ಎಂಬತ್ತು ಸೈಕಲ್ಲು ನೂರರಷ್ಟು ಚೆನ್ನಾಗಿ ಕಾಣುವುದಿಲ್ಲವೆಂಬುದನ್ನು ಒಪ್ಪುತ್ತೇನೆ. ಎರಡು ವರ್ಷಗಳ ಬಳಿಕ ಎಷ್ಟು ಸೈಕಲ್ಲುಗಳು ಓಡುತ್ತಿವೆ, ಎಷ್ಟಕ್ಕೆ ಬ್ರೇಕಿದೆ ಎಂದು ಎಣಿಸುವ ಫೋಟೋವನ್ನು ಯಾರೂ ತೆಗೆಸುವುದಿಲ್ಲ.

ಕೊಠಡಿಗೆ ದೊಡ್ಡ ಬಂಡವಾಳ ಬೇಡ. ನಿಲ್ಲಿಸಿ ಬಳಸುವ ಪಂಪು ಎರಡು, ಸ್ಪ್ಯಾನರು ಮತ್ತು ಅಲೆನ್ ಕೀಗಳ ಜೊತೆಗಳು, ಕಡ್ಡಿ ಬಿಗಿಯುವ ಕೀಲಿ, ನೀರಿನ ಬೋಗುಣಿ, ಬ್ರೇಕ್ ರಬ್ಬರುಗಳ ಒಂದು ಪೆಟ್ಟಿಗೆ, ಚೈನಿನ ಎಣ್ಣೆ, ಬೇಕಾದಷ್ಟು ಹಳೆಯ ಬಟ್ಟೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಎರಡು ಗಂಟೆ ತೆರೆದಿದ್ದರೆ ಸಾಕು. ಮಗುವಿನ ಸೈಕಲ್ಲನ್ನು ನಾವು ರಿಪೇರಿ ಮಾಡಿಕೊಡಬಾರದು. ಅವನಿಂದಲೋ ಅವಳಿಂದಲೋ ಮಾಡಿಸಬೇಕು. ಹುಡುಗಿಯರಿಗೆ ಸ್ಪ್ಯಾನರೇಕೆ ಎಂಬ ಮಾತು ಬಂದೀತು. ಪಂಕ್ಚರು ಹುಡುಗ ಹುಡುಗಿ ಎಂದು ನೋಡಿ ಆಗುವುದಿಲ್ಲ. ಆರನೆಯ ತರಗತಿಯಲ್ಲಿ ತೇಪೆ, ಏಳರಲ್ಲಿ ಬ್ರೇಕು, ಎಂಟರಲ್ಲಿ ಚೈನು ಎಂದು ಕ್ರಮವಿಟ್ಟರೆ ಹೈಸ್ಕೂಲು ಬಿಡುವ ಹೊತ್ತಿಗೆ ಪ್ರತಿ ಮಗುವಿಗೂ ಕೈ ಹಿಡಿತಕ್ಕೆ ಬಂದಿರುತ್ತದೆ. ಇದರಿಂದ ಪಾಠಕ್ಕೆ ಅಡ್ಡಿಯಾಗುತ್ತದೆಂದು ಹೇಳುವ ಅಧ್ಯಾಪಕ ಮಿತ್ರರು ಒಮ್ಮೆ ಗೇರಿನ ಹಲ್ಲುಗಳನ್ನು ಮುಂದಿಟ್ಟುಕೊಂಡು ಅನುಪಾತದ ಲೆಕ್ಕವನ್ನು ಹೇಳಿಕೊಟ್ಟು ನೋಡಲಿ.

ಭಾನುವಾರಗಳಂದು ನಂದಿಗೆ ಹೋಗುವ ನಮ್ಮ ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಂದು ಶನಿವಾರವನ್ನು ಈ ಕೊಠಡಿಗೆ ಕೊಡುವುದಾದರೆ ಹೊರಗಿನಿಂದ ಸಂಬಳದವರನ್ನು ತರಬೇಕಾಗಿಲ್ಲ. ಅವರಿಗೂ ಕಲಿಯುವುದು ಬಹಳವಿದೆ. ಮೊದಲ ಮೂರು ತಿಂಗಳು ಪ್ರತಿ ಶನಿವಾರ ಬರಲು ನಾನು ಸಿದ್ಧನಿದ್ದೇನೆ. ಎಡಭುಜ ಇನ್ನೂ ಪೂರ್ತಿ ಮೇಲೇಳುವುದಿಲ್ಲ, ಪಂಪು ಹೊಡೆಯಲು ಮಾತ್ರ ಒಬ್ಬ ಹುಡುಗ ಜೊತೆಗೆ ಬೇಕು. ಮುಖ್ಯೋಪಾಧ್ಯಾಯರು ಒಪ್ಪಿಗೆ ಕೊಟ್ಟ ದಿನವೇ ಮೊದಲ ಪಂಪನ್ನು ತಂದಿಡುತ್ತೇನೆ.